ಡಂಬಳದ ದಾರಿಯಲ್ಲಿ ಎಚ್ಚರವಿದ್ದವರು

ಮುಂಡರಗಿಯಿಂದ ಗದಗಿಗೆ ಉಡುಪು ಕಾರ್ಖಾನೆಯ ಹೆಣ್ಣುಮಕ್ಕಳನ್ನು ಕರೆತರುವ ಬಸ್ಸಿನ ಚಾಲಕ ಫಕೀರಪ್ಪನವರನ್ನು, ಬಸ್ಸು ಓಡಿಸುತ್ತ ತೂಕಡಿಸಿದರೆಂಬ ಆರೋಪದ ಮೇಲೆ ಸ್ಟೀರಿಂಗಿನಿಂದ ಕೆಳಗಿಳಿಸಲಾಯಿತು. ಅವರು ತೂಕಡಿಸಿರಲಿಲ್ಲ. ಆರೋಪ ಸುಳ್ಳೆಂದು ತೋರಿಸಿಕೊಟ್ಟ ಮೇಲೂ ಅವರನ್ನು ಮರಳಿ ಹತ್ತಿಸಲಿಲ್ಲ. ಇದಕ್ಕೆ ಹೊಣೆಗಾರರು, ಆ ಬಸ್ಸುಗಳನ್ನು ಗುತ್ತಿಗೆಯ ಮೇಲೆ ಓಡಿಸುವ ಸಾರಿಗೆ ಸಂಸ್ಥೆಯ ಆಡಳಿತದವರು ಮತ್ತು ಆ ಆರೋಪವನ್ನು ಹುಟ್ಟಿಸಿದ ಯಂತ್ರವನ್ನು ರೂಪಿಸುತ್ತಿದ್ದ ನಮ್ಮ ಸಂಶೋಧನಾ ಯೋಜನೆಯ ಸಲಹಾ ಸಮಿತಿಯವರು. ಮೊದಲಿನವರು ಕೊಟ್ಟ ಮಾತನ್ನು ಮುರಿದರು. ಎರಡನೆಯವರು ಮುರಿಯುವುದನ್ನು ನೋಡುತ್ತ ಕುಳಿತರು. ಆ ಮಾತನ್ನು ಚಾಲಕರಿಗೆ ತಲುಪಿಸಿದ ಬಾಯಿ ನನ್ನದಾದ್ದರಿಂದ ಇದನ್ನು ಬರೆಯುವ ಹಕ್ಕು ನನಗಿದೆ.

ನಿವೃತ್ತಿಯ ನೆನಪುಗಳನ್ನು ಕೂದಲು ನರೆತವರು ಬರೆಯುವುದು ರೂಢಿ. ನಾನು ಹುಟ್ಟಿದ್ದು ಗದಗ ಧಾರವಾಡದಿಂದ ಬೇರ್ಪಟ್ಟು ಹೊಸ ಜಿಲ್ಲೆಯಾದ ಆಸುಪಾಸಿನಲ್ಲಿ. ಜಿಲ್ಲೆಗೂ ನನಗೂ ಹೆಚ್ಚುಕಡಿಮೆ ಒಂದೇ ವಯಸ್ಸು. ಈ ವಯಸ್ಸಿಗೆ ನಿವೃತ್ತಿಯ ಮಾತೇಕೆ ಎಂದು ಲಕ್ಷ್ಮೇಶ್ವರದಲ್ಲಿ ನನ್ನ ಅಮ್ಮಿಯೂ ಕೇಳುತ್ತಾರೆ. ಆದರೆ ಆ ಕೆಲಸಕ್ಕೆ ನಾನಿನ್ನು ಮರಳುವವಳಲ್ಲ, ಕರೆಯುವವರೂ ಇಲ್ಲ. ಈಗ ಗದಗಿನ ಒಂದು ಅಂಗಡಿಯಲ್ಲಿ ಆಸ್ಪತ್ರೆಗಳಿಂದ ಬರುವ ರಕ್ತದೊತ್ತಡದ ಯಂತ್ರಗಳನ್ನು ದುರಸ್ತಿ ಮಾಡುತ್ತೇನೆ. ಅದು ಒಳ್ಳೆಯ ಕೆಲಸವೇ. ಆದರೂ ನಸುಕಿನಲ್ಲಿ ಯಾವುದಾದರೂ ಬಸ್ಸು ಗೇರು ಬದಲಿಸುವ ಸದ್ದು ಕಿವಿಗೆ ಬಿದ್ದರೆ, ಕಪ್ಪತಗುಡ್ಡದ ಸಾಲು ಕತ್ತಲೊಳಗಿನಿಂದ ನಿಧಾನವಾಗಿ ಎದ್ದುಬರುತ್ತಿದ್ದ ಆ ಬಸ್ಸಿನ ಕಿಟಕಿಗಾಗಿ ಜೀವ ತುಡಿಯುತ್ತದೆ. ವಿಶ್ವವಿದ್ಯಾಲಯಗಳಿಂದ ಹೊರಬಂದು ಇದೇ ಕೆಲಸಕ್ಕೆ ಸೇರಲಿರುವ ಹುಡುಗ ಹುಡುಗಿಯರಿಗೆ, ಅದು ಒಳಗಿನಿಂದ ಹೇಗಿತ್ತೆಂದು ಹೇಳಬೇಕಾಗಿದೆ.

ನಾನು ಕಲಿತದ್ದು ದೇಹದ ಸಂಕೇತಗಳನ್ನು ಅಳೆಯುವ ಉಪಕರಣಗಳ ವಿದ್ಯೆ. ನಮ್ಮ ಯೋಜನೆಯ ಉಪಕರಣ ಗಡಿಯಾರದಂತೆ ಮಣಿಕಟ್ಟಿಗೆ ಕಟ್ಟುವ ಒಂದು ಪಟ್ಟಿ. ಅದರ ಅಡಿಯಲ್ಲಿರುವ ಹಸಿರು ಬೆಳಕು ಚರ್ಮದೊಳಗೆ ಹೊಕ್ಕು ನಾಡಿಯ ಪ್ರತಿಯೊಂದು ಬಡಿತವನ್ನೂ ಹಿಡಿಯುತ್ತದೆ. ನಿದ್ದೆ ಹತ್ತಿರ ಬಂದಾಗ ಮನುಷ್ಯನ ಉಸಿರು ದೀರ್ಘವಾಗುತ್ತದೆ. ಉಸಿರಿನೊಂದಿಗೆ ಬಡಿತಗಳ ನಡುವಿನ ಅಂತರ ಹಿಗ್ಗುತ್ತ ಕುಗ್ಗುತ್ತ ಅಲೆಯಂತೆ ತೂಗುತ್ತದೆ. ಆ ಅಲೆಯನ್ನು ಕಣ್ಣು ಮುಚ್ಚುವುದಕ್ಕಿಂತ ಮೊದಲೇ ಗುರುತಿಸಿದರೆ ಚಾಲಕನನ್ನು ಎಚ್ಚರಿಸಬಹುದು, ಬಸ್ಸನ್ನು ಉಳಿಸಬಹುದು. ಯೋಜನೆಯ ಆಶಯ ಇಷ್ಟೇ. ಆ ಆಶಯದ ಮೇಲೆ ನನಗೆ ಇವತ್ತಿಗೂ ಅನುಮಾನವಿಲ್ಲ.

ಮೊದಲ ದಿನ ಬಸ್ಸುಗಳು ನಿಲ್ಲುವ ಅಂಗಳದಲ್ಲಿ ಚಾಲಕರನ್ನೆಲ್ಲ ಸೇರಿಸಿದ್ದರು. ಸಂಸ್ಥೆಯ ವ್ಯವಸ್ಥಾಪಕರು ಒಂದು ಬದಿಗೆ, ಯೋಜನೆಯ ಮುಖ್ಯಸ್ಥರಾದ ನಮ್ಮ ಪ್ರಾಧ್ಯಾಪಕರು ಇನ್ನೊಂದು ಬದಿಗೆ, ನಡುವೆ ಪಟ್ಟಿಗಳ ಪೆಟ್ಟಿಗೆ ಹಿಡಿದ ನಾನು. ಶಿರಹಟ್ಟಿ ದಾರಿಯ ಬಸ್ಸು ಓಡಿಸುತ್ತಿದ್ದ ಖಾದರಸಾಬರು ಪಟ್ಟಿಯನ್ನು ಹೊರಳಿಸಿ ನೋಡಿ ಕೇಳಿದರು:

“ಇದನ್ನ ಕಟ್ಕೊಂಡ್ರ ಪಗಾರ ಹೆಚ್ಚಾಕೈತೇನ್ರೀ?”

“ಪಗಾರ ಹೆಚ್ಚಾಗೂದಿಲ್ಲೋ ಮಾರಾಯಾ,” ಎಂದು ಹಿಂದಿನಿಂದ ಯಾರೋ ಅಂದರು. “ನೀ ಮನ್ಯಾಗ ಬೈಸ್ಕೊಳ್ಳೂ ಮುಂದ ಎದಿ ಎಷ್ಟ ಬಡ್ಕೋತೈತಿ, ಅದು ಸಾಹೇಬ್ರಿಗೆ ಗೊತ್ತಾಕೈತಿ.”

ಎಲ್ಲರೂ ನಕ್ಕರು. ಫಕೀರಪ್ಪನವರು ಮಾತ್ರ ನಗಲಿಲ್ಲ. ಐವತ್ತು ದಾಟಿದ, ಎತ್ತರದ, ಮೀಸೆಯ ಮನುಷ್ಯ. ನೇರವಾಗಿ ನನ್ನನ್ನು ಕೇಳಿದರು:

“ಇದು ನಾ ಮಲ್ಕೊಂಡಿದ್ದೆ ಅಂತ ಹೇಳಿದ್ರ ನನ್ನ ಗಾಡಿ ಕಸ್ಕೋತಾರೇನವ್ವಾ?”

ಪ್ರಾಧ್ಯಾಪಕರು ನನಗೆ ಕಣ್ಣಲ್ಲೇ ಸೂಚಿಸಿದರು. ವ್ಯವಸ್ಥಾಪಕರು ತಲೆಯಾಡಿಸಿದರು. ನಾನು ಎಲ್ಲರಿಗೂ ಕೇಳುವಂತೆ ಹೇಳಿದೆ: “ಇಲ್ಲ ಕಾಕಾ. ಇದರಾಗ ಬಂದದ್ದು ನಿಮ್ಮನ್ನ ಉಳಸಾಕ. ಇದರ ಮ್ಯಾಲಿಂದ ಯಾರಿಗೂ ಶಿಕ್ಷಾ ಆಗೂದಿಲ್ಲ.”

“ಆತು. ನೀ ಹೇಳ್ತಿ ಅಂತ ಕಟ್ಕೋತೀನಿ,” ಎಂದು ಅವರು ಕೈ ಮುಂದೆ ಚಾಚಿದರು.

ಆರಂಭದ ದಿನಗಳಲ್ಲಿ ನಾವು ಮಾಡಿದ ತಪ್ಪುಗಳನ್ನು ನೆನೆದರೆ ಈಗಲೂ ನಗು ಬರುತ್ತದೆ. ಖಾದರಸಾಬರಿಗೆ ಪಟ್ಟಿಯನ್ನು ಎಡಗೈಗೆ ಕಟ್ಟಿದ್ದೆವು. ಬಸ್ಸು ಎರೆಭೂಮಿಯ ಹದಗೆಟ್ಟ ದಾರಿಗೆ ಇಳಿದದ್ದೇ ತಡ, ಪ್ರಯೋಗಾಲಯದ ಪರದೆಯ ಮೇಲೆ ಅವರ ನಾಡಿ ಓಡುವ ಕುದುರೆಯಾಯಿತು. ಪ್ರಾಧ್ಯಾಪಕರು ಗಾಬರಿಯಾದರು. ದೂರವಾಣಿ ಮಾಡಿ ಬಸ್ಸು ನಿಲ್ಲಿಸಿ, ಹೆಣ್ಣುಮಕ್ಕಳನ್ನು ಮರದ ನೆರಳಿಗೆ ಇಳಿಸಿ, ಖಾದರಸಾಬರನ್ನು ಬಲವಂತದಿಂದ ಶಿರಹಟ್ಟಿಯ ಒಬ್ಬ ವೈದ್ಯರ ಬಳಿಗೆ ಕಳಿಸಿದರು. ವೈದ್ಯರಿಗೆ ಅವರಲ್ಲಿ ಕಂಡ ಕಾಯಿಲೆ ಸಿಟ್ಟು ಒಂದೇ. ಗೇರಿನ ಕೋಲು ಎಡಗೈಯ ಕೆಳಗೆ ನಡುಗುತ್ತದೆ. ಆ ನಡುಕವನ್ನು ನಮ್ಮ ಪಟ್ಟಿ ನಾಡಿಯೆಂದು ಎಣಿಸಿತ್ತು. ಮರುದಿನವೇ ಎಲ್ಲರ ಪಟ್ಟಿಯೂ ಬಲಗೈಗೆ ಬಂತು. “ನನ್ನ ಎದಿ ಅಲ್ರೀ ಸರ್, ನಿಮ್ಮ ರಸ್ತೆಕ್ಕ ದವಾಖಾನಿ ತೋರಸ್ರಿ,” ಎಂದು ಖಾದರಸಾಬರು ತಿಂಗಳುಗಟ್ಟಲೆ ಕಾಡಿದರು. ಪ್ರಾಧ್ಯಾಪಕರು ಪ್ರತಿಸಲವೂ ನಕ್ಕು ಕೈಮುಗಿಯುತ್ತಿದ್ದರು.

ರಂಜಾನ್ ತಿಂಗಳಲ್ಲಿ ಮತ್ತೊಂದು ಪಾಠವಾಯಿತು. ಖಾದರಸಾಬರು ರೋಜಾ ಹಿಡಿದಿದ್ದರು. ಸಂಜೆಯ ಬಸ್ಸಿನಲ್ಲಿ ಪಟ್ಟಿ ಅವರನ್ನು ಮತ್ತೆ ಮತ್ತೆ ನಿದ್ದೆಗಣ್ಣಿನವರೆಂದು ಗುರುತಿಸತೊಡಗಿತು. ನಾನೂ ರೋಜಾ ಇದ್ದೆ. ನನ್ನ ಕೈಗೂ ಒಂದು ಪಟ್ಟಿ ಕಟ್ಟಿಕೊಂಡು ನೋಡಿದೆ. ಮೇಜಿನ ಮುಂದೆ ಲೆಕ್ಕ ಬಿಡಿಸುತ್ತಿದ್ದ ನನ್ನನ್ನೂ ಅದು ಹಾಗೆಯೇ ಕರೆಯಿತು. ಹಸಿದ ದೇಹದ ನಾಡಿಯ ನಡೆ ಬೇರೆ. ಪ್ರಾಧ್ಯಾಪಕರಿಗೆ ತೋರಿಸಿದಾಗ ಅವರು ಒಂದು ಕ್ಷಣವೂ ವಾದಿಸಲಿಲ್ಲ. ಎಲ್ಲರಿಗೂ ಒಂದೇ ಅಳತೆಗೋಲು ಇಟ್ಟದ್ದು ತಪ್ಪೆಂದು ಒಪ್ಪಿ, ಒಬ್ಬೊಬ್ಬ ಚಾಲಕನ ಎಚ್ಚರದ ಸ್ಥಿತಿಯನ್ನು ಬೇರೆಬೇರೆಯಾಗಿ ಅಳೆಯುವ ಕೆಲಸಕ್ಕೆ ತೊಡಗಿದರು. ಅಂದು ಅವರು ನನಗೆ ಹೇಳಿದ ಮಾತು ಇದು:

“ಗೆರಿ ನೋಡ್ರಿ ಶಾಹೀನ್. ಅಂಕಿ ಅಂದ್ರ, ನಾವು ನೋಡೂಕಿಂತ ಮೊದಲ ಯಾರೋ ತೀರ್ಮಾನ ಮಾಡಿ ಇಟ್ಟಿರ್ತಾರ. ಗೆರಿ ಇನ್ನೂ ತೀರ್ಮಾನ ಆಗಿರೂದಿಲ್ಲ.”

ನಾಡಿಯ ಗೆರೆಯನ್ನು ಓದಲು ಅವರು ನನಗೆ ಕಲಿಸಿದ ಆ ಮಧ್ಯಾಹ್ನಗಳು ನನ್ನ ಬದುಕಿನ ಅತ್ಯಂತ ಬೆಳಕಿನ ಹೊತ್ತುಗಳು. ಒಂದು ಗೆರೆಯನ್ನು ಪರದೆಯ ಮೇಲೆ ಹಿಗ್ಗಿಸಿ, ಇದು ಕೆಮ್ಮು, ಇದು ತಿರುವು, ಇಲ್ಲಿ ಯಾರೋ ಅಡ್ಡ ಬಂದಿರಬೇಕು ಎಂದು ಗುರುಶಿಷ್ಯರು ಪಂದ್ಯ ಕಟ್ಟಿದವರಂತೆ ಊಹಿಸುತ್ತಿದ್ದೆವು. ಸಂಜೆ ಚಾಲಕರನ್ನು ಕೇಳಿ ಸರಿಯೋ ತಪ್ಪೋ ತಿಳಿದುಕೊಳ್ಳುತ್ತಿದ್ದೆವು. ತಪ್ಪಾದ ದಿನ ಚಹಾದ ಹಣ ತಪ್ಪಿದವರದು. ತಪ್ಪು ಒಪ್ಪಿಕೊಳ್ಳುವುದು ಆಗ ನಮ್ಮ ಕೆಲಸದ ಒಂದು ಭಾಗವೇ ಆಗಿತ್ತು. ನಾನು ಹಂಬಲಿಸುವುದು ಆ ಕಾಲಕ್ಕೆ, ಆ ಗುರುವಿಗೆ. ಹಾಗೆಂದ ಮಾತ್ರಕ್ಕೆ ಅವರನ್ನು ಈ ದೂರಿನಿಂದ ಹೊರಗಿಡಲಾರೆ.

ಆ ಗೆರೆಗಳಿಂದ ನಾವು ಕಂಡುಕೊಂಡ ನಿಜವಾದ ಸಂಗತಿಯೊಂದಿತ್ತು. ಚಾಲಕರಿಗೆ ನಿದ್ದೆ ಒತ್ತರಿಸಿ ಬರುತ್ತಿದ್ದುದು ಸಂಜೆ ಮರಳುವ ಪ್ರಯಾಣದಲ್ಲಿ, ಮತ್ತು ಸಂಜೆ ತಡವಾಗಿ ಮನೆ ಸೇರಿದವರಿಗೆ ಮರುದಿನದ ನಸುಕಿನಲ್ಲಿ. ಹೊತ್ತು ಮೂಡುವ ಮೊದಲೇ ಊರು ಬಿಟ್ಟು ಬಂದ ಚಾಲಕರು, ಕಾರ್ಖಾನೆ ಬಿಡುವ ತನಕ ಗದಗಿನಲ್ಲಿ ಬಿಸಿಲಿಗೆ ಕಾದ ಬಸ್ಸಿನ ಸೀಟುಗಳ ಮೇಲೆ ಮುದುಡಿ ಮಲಗಬೇಕಿತ್ತು. ಬೇಸಿಗೆಯಲ್ಲಿ ಬಸ್ಸಿನ ಅಡಿಯ ನೆರಳಿಗೆ ಗೋಣಿತಟ್ಟು ಹಾಸುತ್ತಿದ್ದರು. ಕಾರ್ಖಾನೆಯ ಹತ್ತಿರ ಒಂದು ಕೋಣೆ, ಒಂದಿಷ್ಟು ಮಂಚ, ಫ್ಯಾನು: ಇಷ್ಟು ಮಾಡಿರೆಂದು ಪ್ರಾಧ್ಯಾಪಕರೇ ಸಂಸ್ಥೆಗೆ ಸಲಹೆ ಕೊಟ್ಟರು. ಸಂಸ್ಥೆಯವರು ನೋಡೋಣ ಎಂದರು. ಆ ಕೋಣೆ ಇವತ್ತಿಗೂ ಇಲ್ಲ.

ಕೋಣೆಯ ಬದಲು ಬಂದದ್ದು ಒಂದು ಪರದೆ. ಯೋಜನೆ ಮುಗಿಯುವ ಹಂತಕ್ಕೆ ಬಂದಿತ್ತು, ಪಟ್ಟಿಯನ್ನು ಮಾರುಕಟ್ಟೆಗೆ ಬಿಡುವ ಮಾತು ನಡೆದಿತ್ತು. ಸಾರಿಗೆ ಸಂಸ್ಥೆಯ ಕಚೇರಿಯಲ್ಲಿ ಗೋಡೆಗೆ ದೊಡ್ಡ ಪರದೆ ಹಾಕಿದರು. ಅದರಲ್ಲಿ ನಾಡಿಯ ಗೆರೆ ಇರಲಿಲ್ಲ. ಚಾಲಕನ ಹೆಸರು, ಎದುರಿಗೆ ಒಂದು ಬಣ್ಣ. ಎಚ್ಚರವಿದ್ದರೆ ಹಸಿರು, ತೂಕಡಿಸಿದರೆ ಕೆಂಪು. ವ್ಯವಸ್ಥಾಪಕರಿಗೆ ಅದು ಬಹಳ ಹಿಡಿಸಿತು.

ಫಕೀರಪ್ಪನವರ ಹೆಸರಿನ ಮುಂದೆ ಕೆಂಪು ಬರತೊಡಗಿದ್ದು ಆಗ. ಸಂಜೆಯಲ್ಲ, ಬೆಳಗಿನ ಪ್ರಯಾಣದಲ್ಲಿ. ಅದೂ ಮುಂಡರಗಿ ಬಿಟ್ಟು ಡಂಬಳದ ದಾರಿ ಹಿಡಿದ ಮೇಲೆ, ಹೆಚ್ಚುಕಡಿಮೆ ದಿನವೂ. ವ್ಯವಸ್ಥಾಪಕರು ಅವರನ್ನು ಇಳಿಸುತ್ತೇನೆಂದರು. ಯಾರಿಗೂ ಶಿಕ್ಷೆಯಿಲ್ಲವೆಂದು ನಾವು ಮಾತು ಕೊಟ್ಟಿದ್ದೇವೆಂದು ನಾನು ನೆನಪಿಸಿದೆ. “ಇದು ಶಿಕ್ಷಾ ಅಲ್ರೀ, ಸುರಕ್ಷಾ,” ಎಂದರು. ಪ್ರಾಧ್ಯಾಪಕರು ಮಧ್ಯೆ ಬಂದು, ಒಂದು ದಿನ ನಾನು ಆ ಬಸ್ಸಿನಲ್ಲಿ ಕೂತು ನೋಡುವವರೆಗೆ ತಡೆಯಿರೆಂದು ಕೇಳಿಕೊಂಡರು. ಅದು ಅವರು ನಡೆಸಿಕೊಟ್ಟ ಕೊನೆಯ ಉಪಕಾರ.

ಹೀಗೆ ಒಂದು ನಸುಕಿನಲ್ಲಿ ನಾನು ಮುಂಡರಗಿಯಲ್ಲಿ ಆ ಬಸ್ಸು ಹತ್ತಿ, ಚಾಲಕನ ಪಕ್ಕದ ಎಂಜಿನ್ನಿನ ಮುಚ್ಚಳದ ಮೇಲೆ ಕಂಬಳಿ ಹಾಸಿದ ಜಾಗದಲ್ಲಿ, ತೊಡೆಯ ಮೇಲೆ ಸಣ್ಣ ಗಣಕ ಇಟ್ಟುಕೊಂಡು ಕೂತೆ. ಫಕೀರಪ್ಪನವರ ನಾಡಿಯ ಗೆರೆ ಅದರಲ್ಲಿ ನೇರವಾಗಿ ಮೂಡುತ್ತಿತ್ತು. ಬಸ್ಸಿನ ತುಂಬ ಹೆಣ್ಣುಮಕ್ಕಳು. ಊಟದ ಡಬ್ಬಿಗಳ ಸದ್ದು, ಬೆಳ್ಳುಳ್ಳಿ ಚಟ್ನಿಯ ವಾಸನೆ, ನಿದ್ದೆ ಹರಿಯದವರ ಆಕಳಿಕೆಗಳು. ಮುಂದಿನ ಸೀಟಿನಲ್ಲಿ ಹನುಮವ್ವ ಎಂಬ ಕಾಲರು ಹೊಲಿಯುವ ಕೆಲಸದಾಕೆ ಕೂತಿದ್ದಳು. ನನ್ನನ್ನು ಮೇಲಿಂದ ಕೆಳಗೆ ನೋಡಿ ಕೇಳಿದಳು:

“ಯಾರಿವ್ರು ಫಕೀರಪ್ಪಣ್ಣ, ಹೊಸಾ ಕ್ಲೀನರ್ರ?”

“ಕ್ಲೀನರ್ ಅಲ್ಲಬೇ. ನನ್ನ ಎದಿ ಬಡ್ಕೊಳ್ಳೂದು ನೋಡಾಕ ಬಂದಾರ.”

“ನಿಂದೇನ್ ನೋಡ್ತಾರ? ಅಕ್ಕಾರ, ನನ್ನ ಗಂಡಂದು ನೋಡ್ರಿ. ನಾ ಪಗಾರ ತರೂ ದಿನ ಹೆಂಗ ಬಡ್ಕೋತೈತಿ ಅಂತ ತಿಳೀಲಿ.”

ಬಸ್ಸು ಊರು ದಾಟಿತು. ಮನೆಗಳು ಮುಗಿದು, ಎರೆಹೊಲಗಳ ನಡುವಿನ ನೇರ ದಾರಿ ಬಂತು. ಆಗ ಫಕೀರಪ್ಪನವರು ಹಾಡತೊಡಗಿದರು. ಅವರ ಊರಿನಲ್ಲಿ ಭಜನೆಯ ಮೇಳವಿದೆ. ಮೇಳಕ್ಕೆ ಅವರೇ ಮುಂದಾಳು. ಹಾಡು ತತ್ವಪದ. ಎತ್ತರದ ದನಿಯಲ್ಲ, ಎಂಜಿನ್ನಿನ ಸದ್ದಿನೊಳಗೇ ಸೇರಿಕೊಳ್ಳುವಷ್ಟು. ಪ್ರತಿಯೊಂದು ಸಾಲಿನ ತುದಿಯನ್ನೂ ಉಸಿರು ತೀರುವ ತನಕ ಎಳೆಯುತ್ತಿದ್ದರು. ಆ ತುದಿಯನ್ನು ಹನುಮವ್ವ ಮತ್ತು ಹಿಂದಿನವರು ಹಿಡಿದುಕೊಂಡು ಮೇಲೆತ್ತುತ್ತಿದ್ದರು. ಆಕಳಿಕೆಗಳು ನಿಂತವು. ಫಕೀರಪ್ಪನವರ ಕಣ್ಣು ದಾರಿಯ ಮೇಲೆ, ಕನ್ನಡಿಯ ಮೇಲೆ, ಅಡ್ಡ ಬರುವ ಎತ್ತುಗಳ ಮೇಲೆ ಒಂದೇ ಸಮನೆ ಓಡಾಡುತ್ತಿತ್ತು. ಅಷ್ಟು ಎಚ್ಚರವಾಗಿದ್ದ ಮುಖವನ್ನು ನಾನು ಕಂಡಿರಲಿಲ್ಲ. ತೊಡೆಯ ಮೇಲಿನ ಗಣಕ ಕೆಂಪಾಗಿತ್ತು.

ಗೆರೆಯನ್ನು ನೋಡಿದೆ. ಹಾಡಿನ ಒಂದೊಂದು ದೀರ್ಘ ಉಸಿರಿಗೂ ನಾಡಿ ನಿಧಾನವಾಗಿ, ಉಸಿರು ಎಳೆದುಕೊಂಡಾಗ ಚುರುಕಾಗಿ, ದೊಡ್ಡ ನಿಧಾನದ ಅಲೆ. ನಿದ್ದೆಯ ಅಂಚಿನ ಅಲೆಯೂ ಹೀಗೆಯೇ ಇರುತ್ತದೆ.

“ಕಾಕಾ, ಒಂದೀಟು ಹಾಡೂದು ನಿಲ್ಲಸ್ರಿ.”

“ಯಾಕವ್ವಾ, ಸುರ ತಪ್ಪಿತೇನು?”

“ತಪ್ಪಿಲ್ರಿ. ಸುಮ್ಮನ ಓಡಸ್ರಿ, ನೋಡೂನು.”

ಹಿಂದಿನಿಂದ ಹೆಣ್ಣುಮಕ್ಕಳು ಗೊಣಗಿದರು. ಹಾಡು ನಿಂತಿತು. ಸ್ವಲ್ಪ ಹೊತ್ತಿನಲ್ಲಿ ಅಲೆ ಇಳಿದು ಗೆರೆ ಸಾಮಾನ್ಯವಾಯಿತು, ಬಣ್ಣ ಹಸಿರಿಗೆ ತಿರುಗಿತು. ಮತ್ತೆ ಹಾಡಿರೆಂದೆ. ಅಲೆ ಎದ್ದಿತು, ಕೆಂಪು ಬಂತು. ಡಂಬಳ ಬರುವುದರೊಳಗೆ ಇದನ್ನೇ ಹಲವು ಸಲ ಮಾಡಿಸಿದೆ. ಪ್ರತಿಸಲವೂ ಅದೇ. ಇಷ್ಟು ಸಾಲದೆಂದು ನನ್ನ ಕೈಗೆ ಇನ್ನೊಂದು ಪಟ್ಟಿ ಕಟ್ಟಿಕೊಂಡು, ಕಂಬಿ ಹಿಡಿದು ಎದ್ದು ನಿಂತೆ.

“ಈಗ ನಾ ಹಾಡಬೇಕಾಗೈತಿ,” ಎಂದೆ.

“ಹಾಡ್ರಿ ಅಕ್ಕಾರ, ಯಾರ್ ಬ್ಯಾಡ ಅಂದಾರ?” ಎಂದಳು ಹನುಮವ್ವ.

ನನಗೆ ಪೂರ್ತಿ ಬರುತ್ತಿದ್ದುದು ಅಮ್ಮಿ ಹಾಡುತ್ತಿದ್ದ ಒಂದೇ ಒಂದು ಜೋಗುಳ. ಅದನ್ನೇ ಎಳೆದೆಳೆದು ಹಾಡಿದೆ.

“ಜೋಗುಳ ಹಾಡಿ ಡ್ರೈವರ್‌ನ ಮಲಗಿಸ್ತಾರ ನೋಡವ್ವಾ ಈ ಕಲ್ತ ಮಂದಿ,” ಎಂದು ಆಕೆ ಹಣೆ ಬಡಿದುಕೊಂಡಳು. ಬಸ್ಸಿಗೆ ಬಸ್ಸೇ ನಕ್ಕಿತು. ಕುಲುಕುವ ಬಸ್ಸಿನಲ್ಲಿ ಕಂಬಿಗೆ ಜೋತುಬಿದ್ದು ನಿಂತ ನನ್ನನ್ನು, ನನ್ನದೇ ಪಟ್ಟಿ, ಗಾಢವಾಗಿ ತೂಕಡಿಸುತ್ತಿರುವವಳೆಂದು ಸಾರಿತು.

ಗದಗಿಗೆ ಬಂದು ಇಳಿಯುವಾಗ ನನಗಿದ್ದ ಸಂತೋಷ ಹೇಳತೀರದು. ಒಬ್ಬ ಮನುಷ್ಯನ ಮೇಲಿನ ಆರೋಪ ಕಳಚಿತು, ಯಂತ್ರದ ಒಂದು ಕುರುಡು ಸಿಕ್ಕಿತು. ಇನ್ನು ಹಾಡಿನ ಅಲೆಯನ್ನೂ ನಿದ್ದೆಯ ಅಲೆಯನ್ನೂ ಬೇರ್ಪಡಿಸುವ ದಾರಿ ಹುಡುಕಿದರಾಯಿತು. ನಮ್ಮ ಪ್ರಾಧ್ಯಾಪಕರು ಕುಣಿದಾಡುತ್ತಾರೆಂದುಕೊಂಡೆ. ಹಾಗೆಂದುಕೊಂಡದ್ದು ನನ್ನ ಮೂರ್ಖತನವೆಂದು ಇವತ್ತಿಗೂ ಒಪ್ಪಲು ಮನಸ್ಸಿಲ್ಲ.

ಸಲಹಾ ಸಮಿತಿ ಸೇರಿತು; ಸಾರಿಗೆ ಸಂಸ್ಥೆಯ ವ್ಯವಸ್ಥಾಪಕರೂ ಬಂದಿದ್ದರು. ನಾನು ಎರಡೂ ಗೆರೆಗಳನ್ನು ಗೋಡೆಯ ಮೇಲೆ ತೋರಿಸಿದೆ: ಹಾಡಿದಾಗಿನದು, ಸುಮ್ಮನಿದ್ದಾಗಿನದು. ವ್ಯವಸ್ಥಾಪಕರು ಒಂದೇ ಮಾತಿನಲ್ಲಿ ಮುಗಿಸಿದರು:

“ಹಾಡಿದ್ರ ಕೆಂಪ ಬರ್ತೈತಿ ಅಂದ್ರ ಹಾಡೂದ ಬಿಡ್ಲಿ. ನಾವೇನ್ ಹಾಡಾಕ ಪಗಾರ ಕೊಡ್ತೀವೇನು?”

“ಬಿಡೂದಲ್ರಿ ಪ್ರಶ್ನೆ,” ಎಂದೆ. “ಅವರು ಎಚ್ಚರ ಇರೂದ ಆ ಹಾಡಿನಿಂದ.”

“ಮೇಡಂ, ಯಂತ್ರ ಎಲ್ಲಾರಿಗೂ ಒಂದ. ಒಬ್ಬಂವನ ಸಲುವಾಗಿ ಬದಲಿ ಮಾಡಾಕ ಬರೂದಿಲ್ಲ. ಕೆಂಪ ಬಂದಂವನ್ನ ಗಾಡಿ ಮ್ಯಾಲೆ ಇಟ್ಟು ನಾಳೆ ಏನರ ಆದ್ರ, ನೀವ ಬಂದು ನಿಂದರ್ತೀರೇನು?”

ನಾನು ಪ್ರಾಧ್ಯಾಪಕರ ಕಡೆ ನೋಡಿದೆ. ಅವರು ಗೋಡೆಯ ಮೇಲಿನ ಗೆರೆಗಳನ್ನೇ ನೋಡುತ್ತಿದ್ದರು. ಸಮಿತಿಯ ಉಳಿದವರು ಅವರ ಮಾತಿಗೆ ಕಾದರು. ಅವರು ಆಡಲಿಲ್ಲ. ಸಭೆ ಮುಂದಿನ ವಿಷಯಕ್ಕೆ ಹೋಯಿತು.

ಹೊರಗೆ ಪಡಸಾಲೆಯಲ್ಲಿ ಅವರನ್ನು ತಡೆದು ನಿಲ್ಲಿಸಿದೆ.

“ಸರ್, ಗೆರಿ ನೋಡ್ರಿ ಅಂತ ಕಲಿಸಿದವರು ನೀವು.”

“ನೋಡೇನಿ ಶಾಹೀನ್. ನೀವು ಹೇಳಿದ್ದು ಖರೆ ಐತಿ.”

“ಮತ್ತ ಅಲ್ಲಿ ಯಾಕ ಹೇಳಲಿಲ್ರಿ?”

“ಪಟ್ಟಿ ಹೊರಗ ಹೊಂಟೈತಿ. ಈಗ ಇದನ್ನ ಎತ್ತಿದ್ರ ಎಲ್ಲಾ ಮೊದಲಿಂದ ಆಗಬೇಕು. ಮುಂದಿನ ಯೋಜನೆದಾಗ ನೋಡೂನು.”

“ಅಲ್ಲೀತನಕಾ ಫಕೀರಪ್ಪ ಕಾಕಾ?”

ಅವರು ನನ್ನ ಹೆಗಲ ಮೇಲೆ ಕೈಯಿಟ್ಟು, ತೆಗೆದು, ಮೆಟ್ಟಿಲಿಳಿದು ಹೋದರು.

ಫಕೀರಪ್ಪನವರನ್ನು ಬಸ್ಸಿನಂಗಳದ ಕಾವಲಿಗೆ ಹಾಕಿದರು. ವಾಹನ ಓಡಿಸುವಾಗ ಯಾವ ಚಾಲಕನೂ ಹಾಡಬಾರದು, ಪ್ರಯಾಣಿಕರೊಂದಿಗೆ ಮಾತಾಡಬಾರದು ಎಂಬ ಆಜ್ಞೆ ಹೊರಟಿತು. ಖಾದರಸಾಬರು ನನಗೆ ಎದುರಾದಾಗ ಹೇಳಿದರು: “ಮೊದಲ ರಸ್ತೆ ಅಷ್ಟ ಕೆಟ್ಟಿತ್ತು ಬೇಟಿ. ಈಗ ಗಾಡಿನೂ ಮಸಣ ಆತು.” ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ನನಗೆ ಸಹಿಸಲು ಆಗದ್ದು.

ಡಂಬಳದ ದಾರಿಗೆ ಮಂಜುನಾಥ ಎಂಬ ಯುವಕನನ್ನು ಹಾಕಿದರು. ಒಳ್ಳೆಯ ಕೈ, ಅಂಜುಬುರುಕ ಮನಸ್ಸು. ಕೆಂಪು ಬಂದರೆ ತನ್ನ ಗತಿಯೂ ಇಷ್ಟೇ ಎಂದುಕೊಂಡು ಪಟ್ಟಿಯನ್ನು ಮಣಿಕಟ್ಟಿನ ಮೇಲೆ ಬಳೆಯಂತೆ ಸಡಿಲಾಗಿ ತೊಡುತ್ತಿದ್ದ. ಸಡಿಲಾದ ಪಟ್ಟಿಗೆ ನಾಡಿ ಸಿಗುವುದಿಲ್ಲ. ನಾಡಿ ಸಿಗದಿದ್ದರೆ ಏನು ತೋರಿಸಬೇಕೆಂದು ಕಚೇರಿಯ ಪರದೆ ಮಾಡಿದವರು ಯೋಚಿಸಿರಲಿಲ್ಲ. ಕೆಂಪಲ್ಲದ್ದೆಲ್ಲ ಹಸಿರು. ಹೀಗಾಗಿ ಆ ಪರದೆಯ ಮೇಲೆ ಅತ್ಯಂತ ಎಚ್ಚರದ ಚಾಲಕನೆಂದರೆ ಮಂಜುನಾಥ.

ಒಂದು ದಿನ ಬೆಳಕು ಹರಿಯುವ ಹೊತ್ತಿಗೆ ಹನುಮವ್ವ ಫೋನು ಮಾಡಿದಳು.

“ಅಕ್ಕಾರ, ನಾವೆಲ್ಲಾರೂ ಉಳ್ಳಾಗಡ್ಡಿ ಹೊಲದಾಗ ನಿಂತೀವ್ರಿ.”

“ಯಾಕ, ಏನಾತು?”

“ಬಸ್ ಇಲ್ಲೇ ಬಂತ್ರಿ. ಡಾಂಬರ ಬಿಟ್ಟು ಸೀದಾ ಇಳೀತು. ಯಾರೂ ಸತ್ತಿಲ್ಲ, ಅಂಜಬ್ಯಾಡ್ರಿ. ಜಲ್ದಿ ಬರ್ರಿ, ಈ ಹುಡುಗ ಅಳಾಕ ಹತ್ಯಾನ.”

ನಾನು ಹೋದಾಗ ಬಸ್ಸು ಈರುಳ್ಳಿಯ ಮಡಿಗಳ ನಡುವೆ ಓರೆಯಾಗಿ ನಿಂತಿತ್ತು. ಸೀಟುಗಳ ಕೆಳಗೆ ರೊಟ್ಟಿ, ಪಲ್ಯ, ಒಡೆದ ಬಳೆಗಳು. ಮಂಜುನಾಥ ಚಕ್ರಕ್ಕೆ ಬೆನ್ನು ಕೊಟ್ಟು ಕೂತಿದ್ದ. ಹಿಂದಿನ ಸಂಜೆ ಕಾರ್ಖಾನೆ ತಡವಾಗಿ ಬಿಟ್ಟಿತ್ತು. ಅವನು ಮನೆ ಸೇರಿ, ಉಂಡು, ಕಣ್ಣು ಮುಚ್ಚುವುದರೊಳಗೆ ಮತ್ತೆ ಏಳುವ ಹೊತ್ತಾಗಿತ್ತು.

“ನಾ ಕಣ್ಣ ಮುಚ್ಚಿದ್ದು ನನಗ ಗೊತ್ತಾಗಲಿಲ್ರಿ ಅಕ್ಕಾರ,” ಎಂದ. “ಎಲ್ಲಾರೂ ಸುಮ್ಮನ ಕುಂತಿದ್ರು. ಯಾರರ ಒಂದ್ ಮಾತಾಡಿದ್ರೂ ನನಗ ಎಚ್ಚರಾಕ್ಕಿತ್ತು.”

ಹನುಮವ್ವ ಅವನ ತಲೆಯ ಮೇಲೆ ಸೆರಗು ಬೀಸುತ್ತ ನನ್ನತ್ತ ತಿರುಗಿದಳು. “ಮಾತಾಡಬ್ಯಾಡ ಅಂದವರ್ನ ಇಲ್ಲಿ ತಂದು ನಿಂದರಸ್ರಿ. ಉಳ್ಳಾಗಡ್ಡಿ ಆರಸ್ಲಿ.”

ಆ ಹೊತ್ತಿನಲ್ಲಿ ಕಚೇರಿಯ ಪರದೆಯ ಮೇಲೆ ಮಂಜುನಾಥನ ಹೆಸರು ಹಸಿರಾಗಿಯೇ ಇತ್ತು. ಅದನ್ನು ನಾನು ಕಣ್ಣಾರೆ ಹೋಗಿ ನೋಡಿದೆ. ವ್ಯವಸ್ಥಾಪಕರಿಗೂ ತೋರಿಸಿದೆ. ಬ್ರೇಕಿನಲ್ಲಿ ದೋಷವಿತ್ತೆಂದು ಅವರು ಹೇಳಿದರು. ಬಸ್ಸನ್ನು ಎಳೆದು ತಂದ ಮೆಕ್ಯಾನಿಕ್ಕು ಬ್ರೇಕು ಸರಿಯಾಗಿದೆಯೆಂದ. ಅವನ ಮಾತು ಯಾರಿಗೂ ಬೇಕಿರಲಿಲ್ಲ. ಸಮಿತಿಯನ್ನು ಮತ್ತೆ ಸೇರಿಸಿರೆಂದು ಪ್ರಾಧ್ಯಾಪಕರನ್ನು ಕೇಳಿದೆ. ಯೋಜನೆ ಮುಗಿದಿದೆ ಎಂಬ ಉತ್ತರ ಬಂತು. ಮುಗಿದ ಯೋಜನೆಯಿಂದ ನಾನೂ ಹೊರಬಂದೆ. ಮುಂದಿನದಕ್ಕೆ ಸೇರಲು ಕೊಟ್ಟ ಅವಕಾಶವನ್ನು ನಿರಾಕರಿಸಿದೆ.

ಈ ಕೆಲಸಕ್ಕೆ ಬರುವ ಕಿರಿಯರೇ, ನಿಮಗೆ ಯಂತ್ರವನ್ನು ಬೈಯುವುದನ್ನು ಕಲಿಸಲು ನಾನು ಇದನ್ನು ಬರೆಯುತ್ತಿಲ್ಲ. ಆ ಪಟ್ಟಿಯನ್ನು ನಾನು ಪ್ರೀತಿಸಿದ್ದೆ. ಅಪರಿಚಿತನೊಬ್ಬನ ಎದೆಯ ಲಯ ಬೆರಳ ತುದಿಯಷ್ಟು ಬೆಳಕಿನಲ್ಲಿ ಹರಿದು ಬಂದು ನಿಮ್ಮ ಮುಂದೆ ಗೆರೆಯಾಗಿ ನಿಲ್ಲುವುದು ಒಂದು ಭಾಗ್ಯ. ಪ್ರಯೋಗಾಲಯದಲ್ಲಿ ಕೂಡಬೇಡಿ, ಬಸ್ಸು ಹತ್ತಿ. ಗೆರೆಯನ್ನು ಬಣ್ಣ ಮಾಡಿ ಕೊಡಿರೆಂದು ಕೇಳಿದಾಗ, ಆ ಬಣ್ಣವನ್ನು ಯಾರು ನೋಡುತ್ತಾರೆ, ನೋಡಿ ಏನು ಮಾಡುತ್ತಾರೆ ಎಂದು ಮೊದಲು ಕೇಳಿ. ಚಾಲಕರಿಗೆ ಮಾತು ಕೊಡುವ ಕೆಲಸವನ್ನು ನಿಮಗೆ ವಹಿಸಿದರೆ, ಅದನ್ನು ಉಳಿಸುವ ಅಧಿಕಾರವೂ ನಿಮ್ಮ ಕೈಯಲ್ಲಿ ಇದೆಯೇ ಎಂದು ವಿಚಾರಿಸಿ. ನನಗೆ ಇರಲಿಲ್ಲ.

ಕೆಲವು ದಿನಗಳ ಹಿಂದೆ ಅಂಗಡಿಯ ಕೆಲಸದ ಮೇಲೆ ಬಸ್ಸಿನಂಗಳದ ಬದಿಗೆ ಹೋದವಳು ಫಕೀರಪ್ಪನವರನ್ನು ಕಂಡೆ. ಬೇವಿನ ನೆರಳಿನಲ್ಲಿ ಸ್ಟೂಲು ಹಾಕಿಕೊಂಡು ಕೂತಿದ್ದರು.

“ಬಾರವ್ವಾ ಶಾಹೀನಾ, ಕುಂಡ್ರು. ಅಮ್ಮಿ ಆರಾಮ ಅದಾರಿಲ್ಲೋ?”

“ಆರಾಮ ಅದಾರ ಕಾಕಾ. ನೀವು?”

“ನನಗೇನಾಗೇತಿ? ಕುಂತಲ್ಲಿ ಪಗಾರ.” ನಿಂತ ಬಸ್ಸುಗಳತ್ತ ಗದ್ದ ತೋರಿಸಿ ಮುಂದುವರಿಸಿದರು: “ಬೆಳಿಗ್ಗೆ ಗಾಡಿಗೋಳು ಒಂದೊಂದ ಹೊಂಡ್ತಾವು. ಗಿಯರ್ ಹಾಕೂ ಸಪ್ಪಳ ಕೇಳಿದ ಕೂಡ್ಲೆ ನನ್ನ ಎಡಗೈ ತಾನ ಏಳ್ತೈತಿ. ಆಮ್ಯಾಲೆ ಏನ್ ಮಾಡಲಿ, ಮೀಸಿ ತಿದ್ಕೋತೀನಿ. ನೋಡಿದವರು, ಮುದುಕಗ ಎಷ್ಟ ಡೌಲು ಅಂತಾರ.”

“ನಾ ಕೊಟ್ಟ ಮಾತು ಉಳೀಲಿಲ್ಲ ಕಾಕಾ.”

“ನೀ ಕೊಟ್ಟಿದ್ದಿ, ಉಳಿಸಬೇಕಾದವರು ಬ್ಯಾರೆ ಇದ್ರು. ಅದನ್ನ ಅವರ್ನ ಕೇಳು, ನಿನ್ನ ನೀ ಬೈಕೋಬ್ಯಾಡ.” ಆಮೇಲೆ ತಗ್ಗಿದ ದನಿಯಲ್ಲಿ ಅಂದರು: “ರಿಟೈರ್ ಆಗೂದು ಭಾಳ ದಿನ ಇಲ್ಲ. ಅಷ್ಟರಾಗ ಒಂದ ಸಲಾ ಮುಂಡರಗಿಯಿಂದ ಗಾಡಿ ತಗೊಂಡ ಬಂದ್ರ ಸಾಕಾಗಿತ್ತು. ಮಲ್ಕೊಂಡಂವ ಅಂತ ಇಳಿಸಿದ್ರಲ್ಲ, ಹಂಗ ಇಳದು ಮನಿಗೆ ಹೋಗಾಕ ಮನಸಿಲ್ಲ.”

ಅವರು ಕೇಳಿದ್ದು ಇಷ್ಟು. ಕೇಳಬೇಕಾದವರನ್ನು ಕೇಳು ಎಂದ ಅವರ ಮಾತಿನಂತೆ, ಇನ್ನು ಮುಂದಿನದನ್ನು ಸಾರಿಗೆ ಸಂಸ್ಥೆಯ ಆಡಳಿತಕ್ಕೂ ಸಲಹಾ ಸಮಿತಿಯ ಮಾನ್ಯ ಸದಸ್ಯರಿಗೂ ಬಹಿರಂಗವಾಗಿ ಸಲ್ಲಿಸುತ್ತಿದ್ದೇನೆ.

ಪಟ್ಟಿಯ ಸೂಚನೆಯ ಮೇಲೆ ಯಾರನ್ನೂ ಶಿಕ್ಷಿಸುವುದಿಲ್ಲವೆಂದು ಅಂಗಳದಲ್ಲಿ ನಿಮ್ಮ ಸಮಕ್ಷಮದಲ್ಲಿ ಕೊಟ್ಟ ಮಾತನ್ನು ಯಾರ ಆದೇಶದಿಂದ, ಯಾವ ಕಾರಣದಿಂದ ಮುರಿಯಲಾಯಿತು ಎಂಬುದನ್ನು ತಿಳಿಸಬೇಕೆಂದು ಕೋರುತ್ತೇನೆ. ಹಾಡಿನ ಉಸಿರನ್ನು ನಿದ್ದೆಯೆಂದು ಓದುವ ದೋಷವನ್ನು ಸಭೆಯಲ್ಲಿ ಕಂಡ ಮೇಲೂ ಸದಸ್ಯರು ಮೌನವಾಗಿದ್ದುದಕ್ಕೆ ವಿವರಣೆ ಬೇಕು. ನನಗೆ ಓದಲು ಕಲಿಸಿದ ಗುರುಗಳಿಂದ ಅದು ಮೊದಲು ಬರಬೇಕು. ನಾಡಿ ಸಿಗದ ಪಟ್ಟಿಯನ್ನು ಹಸಿರೆಂದು ತೋರಿಸುವುದು ಇವತ್ತೇ ನಿಲ್ಲಬೇಕು, ಏಕೆಂದರೆ ಆ ಬಸ್ಸುಗಳು ನಾಳೆ ಬೆಳಿಗ್ಗೆಯೂ ಹೊರಡುತ್ತವೆ. ಚಾಲಕರು ಮಧ್ಯಾಹ್ನ ಬೆನ್ನು ಚಾಚುವ ಕೋಣೆ ಆಗಬೇಕು. ಮಾತನ್ನೂ ಹಾಡನ್ನೂ ನಿಷೇಧಿಸಿದ ಆಜ್ಞೆ ರದ್ದಾಗಬೇಕು. ಫಕೀರಪ್ಪನವರ ಮೇಲಿನ ಆರೋಪವನ್ನು ಹಿಂತೆಗೆದುಕೊಂಡು, ಅವರ ಸೇವೆ ಮುಗಿಯುವ ಮೊದಲು ಅವರನ್ನು ಅವರ ಬಸ್ಸಿಗೆ ಮರಳಿಸಬೇಕು.

ಉತ್ತರವನ್ನು ನನಗೆ ಕಳುಹಿಸುವ ಅಗತ್ಯವಿಲ್ಲ. ದಯವಿಟ್ಟು ಅವರಿಗೇ ಹೇಳಿ. ನಿಮ್ಮ ಕಾರು ಅಂಗಳದೊಳಗೆ ಬರುವಾಗ ಪ್ರತಿದಿನ ಗೇಟು ತೆರೆದು ‘ನಮಸ್ಕಾರ್ರೀ’ ಎನ್ನುವವರು ಅವರೇ. ಗಾಜು ಇಳಿಸಿದರೆ ಸಾಕು.